ಗುಂಟೆ, ಸೆಂಟು, ಎಲ್ಲೆ: ಚಾಮರಾಜನಗರ ಸೀಮೆಯ ನೆಲವನ್ನು ಬರೆದಿಟ್ಟ ಬಗೆ

ಚಾಮರಾಜನಗರ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಅದರೊಳಗಿನ ಹೊಲಗದ್ದೆಗಳು ಸರ್ಕಾರದ ಪುಸ್ತಕ ಸೇರಿದ್ದು ಅದಕ್ಕೂ ಬಹಳ ಹಿಂದೆ, ಅದೂ ಒಂದೇ ದೊರೆತನದ ಕೈಯಲ್ಲಿ ಅಲ್ಲ. ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳು ಮೈಸೂರು ಸಂಸ್ಥಾನದ ನೇರ ಆಡಳಿತದಲ್ಲಿದ್ದವು. ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಂದೆಯ ಹೆಸರಿಟ್ಟದ್ದರಿಂದಲೇ ಅದು ಚಾಮರಾಜನಗರವಾಯಿತು. ನಡುವೆ ಇರುವ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯಿತು. ಕೊಳ್ಳೇಗಾಲ 1799ರಲ್ಲಿ ಟಿಪ್ಪುವಿನ ರಾಜ್ಯ ಹಂಚಿಕೆಯಾದಾಗ ಕಂಪನಿಯ ಪಾಲಾಗಿ, ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿ, 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗುವ ತನಕ ಮದ್ರಾಸಿನ ಲೆಕ್ಕದಲ್ಲೇ ಉಳಿಯಿತು. ಹೀಗೆ ಮೂರು ಕಡೆಯಿಂದ ಬಂದ ಕಾಗದಪತ್ರಗಳನ್ನು ಇಂದು ಒಂದೇ ಡೇಟಾಬೇಸಿಗೆ ತುಂಬಿ, ಅದರಿಂದ ಪ್ರಶ್ನೆ ಕೇಳಿ ಉತ್ತರ ಪಡೆಯಬೇಕಾಗಿದೆ. ಇದನ್ನು ಬರಿಯ ತಂತ್ರಾಂಶದ ಸಮಸ್ಯೆ ಎಂದು ನೋಡುವವರು ಹೆಚ್ಚು. ನನಗೆ ಕಾಣುವುದು ಬೇರೆ. ಹೊಲದ ಆಕಾರ ಒಂದು ಕಡೆ, ಹೊಲದ ಲೆಕ್ಕ ಇನ್ನೊಂದು ಕಡೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿದ ಒಂದು ಪಾಲು ಇನ್ನೂ ನಮ್ಮನ್ನು ಆಳುತ್ತಿದೆ. ಕಂಪ್ಯೂಟರು ಆ ಪಾಲನ್ನು ಇದ್ದ ಹಾಗೆಯೇ ಮುಂದುವರಿಸಿತು. ಈಗ ಎರಡನ್ನೂ ಕೂಡಿಸುವಾಗ ಮೂಲ ದಾಖಲೆಯನ್ನು ಕರಗಿಸಿಬಿಡದೆ, ಅದರ ಪಕ್ಕದಲ್ಲೇ ಪ್ರಶ್ನೆಗೆ ಒದಗುವ ಆಕಾರವನ್ನು ಇಡುವುದೊಂದೇ ಸರಿಯಾದ ದಾರಿ. ಈ ಸೀಮೆಯ ಇತಿಹಾಸವೇ ಅದಕ್ಕೆ ಸಾಕ್ಷಿ.

ಸರ್ವೆ ಬರುವ ಮೊದಲು ನೆಲವನ್ನು ಹೇಗೆ ಬರೆಯುತ್ತಿದ್ದರು ಎಂಬುದಕ್ಕೆ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ತಾಲ್ಲೂಕುವಾರು ಸಂಖ್ಯೆ ಹೊತ್ತು ಕೂತಿವೆ. ದಾನಶಾಸನದಲ್ಲಿ ನೆಲದ ವಿವರ ಬರುವ ಕ್ರಮ ಬಹುಮಟ್ಟಿಗೆ ಒಂದೇ: ಮೂಡಲಿಂದ ಹೊರಟು, ಕೆರೆಯ ಏರಿ, ಹುತ್ತ, ಆಲದ ಮರ, ನೆಟ್ಟ ಕಲ್ಲು, ಹಳ್ಳ ಕೂಡುವ ಜಾಗ, ಪಕ್ಕದ ಊರಿನ ಎಲ್ಲೆ ಎಂದು ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುವುದು. ಗಂಗರ ತಾಮ್ರಶಾಸನಗಳಲ್ಲಿ ಪ್ರಶಸ್ತಿಯ ಭಾಗ ಸಂಸ್ಕೃತದಲ್ಲಿದ್ದರೂ ಎಲ್ಲೆಯ ಭಾಗ ಹಲವೆಡೆ ಕನ್ನಡದಲ್ಲಿರುವುದಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. ಎಲ್ಲೆಯನ್ನು ನಡೆದು ನೋಡಬೇಕಾದವರು ಊರಿನವರು. ಕೊಟ್ಟವನು, ಪಡೆದವನು, ನೆಲದ ಸುತ್ತು, ಗದ್ದೆಗೆ ಹಿಡಿಯುವ ಬಿತ್ತನೆಯ ಖಂಡುಗ ಕೊಳಗ, ಸಾಕ್ಷಿಗಳು, ತಪ್ಪಿದವನಿಗೆ ಶಾಪ, ಎಲ್ಲವೂ ಒಂದೇ ಬರಹದಲ್ಲಿ ಒಂದರೊಳಗೊಂದು ಸೇರಿಕೊಂಡಿರುತ್ತಿತ್ತು. ಒಂದು ಶಾಸನವನ್ನು ಓದಿದವನಿಗೆ ಆ ಒಂದು ನೆಲದ ಬಗ್ಗೆ ತಿಳಿಯಬೇಕಾದದ್ದು ತಿಳಿದುಬಿಡುತ್ತದೆ. ಆದರೆ ಒಂದು ಕೆರೆಯ ಕೆಳಗೆ ಒಟ್ಟು ಎಷ್ಟು ಗದ್ದೆ ದತ್ತಿಯಾಗಿದೆ ಎಂದು ಕೇಳಿದರೆ ಪ್ರತಿಯೊಂದನ್ನೂ ಮೊದಲಿಂದ ಕೊನೆಯವರೆಗೆ ಓದದೆ ಗತಿಯಿಲ್ಲ. ಈ ಗುಣವನ್ನೂ ಈ ದೋಷವನ್ನೂ ನೆನಪಿನಲ್ಲಿಡಬೇಕು; ಸಾವಿರ ವರ್ಷದ ಮೇಲೆ ಇವೆರಡೂ ಬೇರೊಂದು ವೇಷದಲ್ಲಿ ಮರಳಿ ಬರುತ್ತವೆ.

1799ರ ನಂತರ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರಿನ ಸರ್ವೇಕ್ಷಣೆಯಲ್ಲಿ ಮೊದಲ ಬಾರಿಗೆ ಬರಹ ಕವಲೊಡೆಯಿತು. ಹೊಸದಾಗಿ ಎಳೆದ ಮೈಸೂರು ಮತ್ತು ಕಂಪನಿಯ ನಡುವಿನ ಗಡಿಯನ್ನು, ಅಂದರೆ ಕೊಳ್ಳೇಗಾಲವನ್ನು ನೆರೆಯ ತಾಲ್ಲೂಕುಗಳಿಂದ ಬೇರೆ ಮಾಡಿದ ಗೆರೆಯನ್ನೂ ಸೇರಿಸಿ, ನಕ್ಷೆಗೆ ಇಳಿಸುವುದು ಆ ಕೆಲಸದ ಮೊದಲ ಅಗತ್ಯಗಳಲ್ಲೊಂದಾಗಿತ್ತು. ನಕ್ಷೆ ಒಂದು ಹಾಳೆಯಲ್ಲಿ, ಊರು ಕೆರೆ ಮನೆಗಳ ಎಣಿಕೆ ಕೋಷ್ಟಕದಲ್ಲಿ, ಊರಿನ ಪೂರ್ವೋತ್ತರ ಕೈಫಿಯತ್ತಿನಲ್ಲಿ. ಹೀಗೆ ಮೂರಾದರೂ ಮೆಕೆಂಜಿ ಮೂರನ್ನೂ ಜೊತೆಯಲ್ಲೇ ಇಟ್ಟುಕೊಂಡ. ಆಮೇಲಿನವರು ಹಾಗೆ ಇಟ್ಟುಕೊಳ್ಳಲಿಲ್ಲ. ಅದೇ ವರ್ಷಗಳಲ್ಲಿ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ತ್ರಿಕೋನಗಳ ಜಾಲ ಹಬ್ಬಿಸಲು ಆರಂಭಿಸಿದ. ಬೆಟ್ಟದಿಂದ ಬೆಟ್ಟಕ್ಕೆ ಕಟ್ಟಿದ ಆ ಜಾಲಕ್ಕೂ ರೈತನ ಹೊಲದ ಬದುವಿಗೂ ನಡುವೆ ಬಹುಕಾಲ ಯಾವ ಸಂಬಂಧವೂ ಇರಲಿಲ್ಲ ಎಂಬುದನ್ನು ಇಲ್ಲಿ ಗುರುತಿಸಿಕೊಂಡರೆ ಸಾಕು.

ರೈತನ ಹೊಲದವರೆಗೂ ಇಳಿದದ್ದು 1863ರಲ್ಲಿ, ಬ್ರಿಟಿಷ್ ಕಮಿಷನರ್ ಬೌರಿಂಗ್ ಕಾಲದಲ್ಲಿ, ಮೈಸೂರು ಸಂಸ್ಥಾನ ಕೈಗೊಂಡ ಕಂದಾಯ ಸರ್ವೆ ಮತ್ತು ಸೆಟ್ಲ್‌ಮೆಂಟು. ಇದು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835ರ ಹೊತ್ತಿಗೆ ಪುಣೆಯ ಇಂದಾಪುರದಲ್ಲಿ ರೂಪಿಸಿದ ಮುಂಬಯಿ ಪದ್ಧತಿ. ಅದರ ಸರಪಳಿ 33 ಅಡಿ ಉದ್ದ, 16 ಆಣೆಗಳಾಗಿ ವಿಭಾಗ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಅಳೆಯುವವನು ಹೊಲದ ನಡುವೆ ಒಂದು ಆಧಾರರೇಖೆ ಹಿಡಿದು, ಕ್ರಾಸ್ ಸ್ಟಾಫ್ ನೆಟ್ಟು, ಅಲ್ಲಿಂದ ಪ್ರತಿ ಮೂಲೆಗೆ ಲಂಬವಾಗಿ ಎಷ್ಟು ದೂರ ಎಂದು ಬರೆದುಕೊಳ್ಳುತ್ತ ಹೋದ. ಆ ಬರಹವೇ ಟಿಪ್ಪಣಿ. ಅದರಲ್ಲಿನ ಚಿತ್ರ ಅಳತೆಗೆ ತಕ್ಕದ್ದಲ್ಲ. ಉದ್ದವಾದ ಬದು ಚಿಕ್ಕದಾಗಿ, ಚಿಕ್ಕದು ಉದ್ದವಾಗಿ ಕಾಣಬಹುದು. ಅಲ್ಲಿ ಸತ್ಯವಿರುವುದು ಗೆರೆಯಲ್ಲಲ್ಲ, ಗೆರೆಯ ಪಕ್ಕದ ಅಂಕಿಯಲ್ಲಿ. ಆ ಅಂಕಿಗಳಿಂದ ತ್ರಿಕೋನ ಚತುಷ್ಕೋನಗಳ ಕ್ಷೇತ್ರಫಲ ಕೂಡಿ ಬಂದ ಎಕರೆ ಗುಂಟೆ ಆಕಾರಬಂದ್ ಎಂಬ ಇನ್ನೊಂದು ಪುಸ್ತಕಕ್ಕೆ ಹೋಯಿತು. ಮಣ್ಣಿನ ಗುಣವನ್ನು ಆಣೆಯ ಲೆಕ್ಕದಲ್ಲಿ ವರ್ಗೀಕರಿಸಿ, ಮೂವತ್ತು ವರ್ಷಕ್ಕೆ ಕಂದಾಯ ನಿಗದಿ ಮಾಡಿದ್ದೂ ಆ ಪುಸ್ತಕದಲ್ಲೇ. ಇಡೀ ಊರಿನ ಆಕಾರ ಗ್ರಾಮನಕ್ಷೆಗೆ, ಸಾಗುವಳಿದಾರನ ಹೆಸರು ಮುಂದೆ ಪಹಣಿಗೆ. ಇವೆಲ್ಲವನ್ನೂ ಕಟ್ಟಿಹಾಕಿದ್ದು ಒಂದೇ ಒಂದು ಎಳೆ: ಸರ್ವೆ ನಂಬರು.

ಕೊಳ್ಳೇಗಾಲದಲ್ಲಿ ನಡೆದದ್ದು ಬೇರೆ. ಮದ್ರಾಸ್ ಪ್ರಾಂತ್ಯದ ಸರ್ವೆ ಥಿಯೊಡೊಲೈಟ್ ಹಿಡಿದು ಊರಿನ ಸುತ್ತ ಚೌಕಟ್ಟು ಕಟ್ಟಿ, ಆಮೇಲೆ ಪ್ರತಿ ಸರ್ವೆ ನಂಬರಿಗೂ ಅಳತೆಗೆ ತಕ್ಕ ನಕ್ಷೆಯನ್ನು ಕ್ಷೇತ್ರಮಾಪನ ಪುಸ್ತಕದಲ್ಲಿ ಬರೆಯಿತು. ಎಕರೆಯನ್ನು 40ಕ್ಕೆ ಬದಲು 100 ಸೆಂಟಾಗಿ ಒಡೆಯಿತು. ಒಂದು ಗುಂಟೆ ಎಂದರೆ ಎರಡೂವರೆ ಸೆಂಟು, ಲೆಕ್ಕ ಸುಲಭವೇ. ಆದರೆ ಬರಿಯ ಗುಣಾಕಾರದಿಂದ ಮುಗಿಯುವ ವ್ಯತ್ಯಾಸ ಇದಲ್ಲ. ಒಂದು ಪದ್ಧತಿಯಲ್ಲಿ ಆಕಾರವೆಂಬುದು ಹಾಳೆಯ ಮೇಲೆ ಇದೆ, ಅಳೆಯಬಹುದು. ಇನ್ನೊಂದರಲ್ಲಿ ಆಕಾರವನ್ನು ಅಂಕಿಗಳಿಂದ ಮತ್ತೆ ಕಟ್ಟಬೇಕು. ಹಿಸ್ಸೆಗಳನ್ನು, ಅಂದರೆ ಒಂದೇ ಸರ್ವೆ ನಂಬರಿನ ತುಂಡುಗಳನ್ನು, ಗುರುತಿಸುವ ರೀತಿಯೂ ಬೇರೆ. ಗುಂಡ್ಲುಪೇಟೆಯ ಟಿಪ್ಪಣಿಯನ್ನೂ ಕೊಳ್ಳೇಗಾಲದ ಹಾಳೆಯನ್ನೂ ಒಂದೇ ನಮೂನೆಯ ಕಾಲಂಗಳಲ್ಲಿ ತುಂಬಿದರೆ ಒಂದಕ್ಕೆ ಖಾಲಿ ಜಾಗ ಉಳಿಯುತ್ತದೆ, ಇನ್ನೊಂದರಲ್ಲಿ ಇದ್ದದ್ದು ಬಿದ್ದುಹೋಗುತ್ತದೆ. ಜಿಲ್ಲೆಯ ಹೆಸರು ಒಂದಾದ ಮಾತ್ರಕ್ಕೆ ಸಾಕ್ಷ್ಯದ ಜಾತಿ ಒಂದಾಗುವುದಿಲ್ಲ.

ಆಕಾರವನ್ನೂ ಲೆಕ್ಕವನ್ನೂ ಪಾಲು ಮಾಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಕಂದಾಯ ಕೂಡಿಸಬೇಕಾದ ಸರ್ಕಾರಕ್ಕೆ ಸಾಲುಸಾಲಾಗಿ ಓದಬಹುದಾದ ಪಟ್ಟಿ ಬೇಕಿತ್ತು. ಶಾಸನದ ಕ್ರಮದಲ್ಲಿ ಅದು ಸಾಧ್ಯವಿರಲಿಲ್ಲ. ರೈತನಿಗೂ ಲಾಭವಾಯಿತು. ಊರಿನ ಮೇಲೆ ಒಟ್ಟಾಗಿ ಬೀಳುತ್ತಿದ್ದ ಹೊರೆ ತನ್ನ ಹೊಲಕ್ಕೆ ಇಷ್ಟೇ ಎಂದು ಬರಹದಲ್ಲಿ ನಿಂತಿತು. ಪಟ್ಟಿಯೂ ನಕ್ಷೆಯೂ ಬೇರೆಯಾದರೂ ಬಹುಕಾಲ ಎರಡೂ ದೂರವಾಗದೆ ಇದ್ದದ್ದು ಶಾನುಭೋಗರ ತಲೆಯಲ್ಲಿ. ಯಾವ ನಂಬರಿನ ಯಾವ ಬದು ಮಳೆಗೆ ಸರಿದಿದೆ, ಯಾವ ಅಣ್ಣತಮ್ಮಂದಿರು ಕಾಗದವಿಲ್ಲದೆ ಎಲ್ಲಿ ಗೆರೆ ಹಾಕಿಕೊಂಡಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಗ್ರಾಮ ಹುದ್ದೆಗಳ ರದ್ದತಿಯ 1961ರ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಅದು ಹೋಗಬೇಕಾದದ್ದೇ, ಊರಿನ ನೆಲದ ಅರಿವು ಒಂದು ಮನೆತನದ ಸೊತ್ತಾಗಿ, ಬರೆಯಬಲ್ಲವನು ಬರೆಯಲಾರದವನನ್ನು ಹಿಡಿತದಲ್ಲಿಡುವ ಸಾಧನವಾಗಿತ್ತು ಎಂಬ ಆಕ್ಷೇಪ ನಿಜ. ಆದರೆ ಆ ಅರಿವನ್ನು ದಾಖಲೆಗೆ ಇಳಿಸುವ ಕೆಲಸ ಆಗಲಿಲ್ಲ. ಪಹಣಿ ಗ್ರಾಮಲೆಕ್ಕಿಗನ ಕೈಗೆ ಹೋಯಿತು, ಟಿಪ್ಪಣಿ ಭೂಮಾಪನ ಇಲಾಖೆಯ ರೆಕಾರ್ಡ್ ರೂಮಿನಲ್ಲಿ ಉಳಿಯಿತು. ಪಾಲು, ಪೋಡಿ (ತುಂಡನ್ನು ಅಳೆದು ಬೇರ್ಪಡಿಸುವುದು), ದುರಸ್ತಿ (ದಾಖಲೆ ತಿದ್ದುವುದು) ಎಂಬ ಮೂರು ಹಂತಗಳಲ್ಲಿ ಮೊದಲನೆಯದು ಮನೆಮನೆಯಲ್ಲಿ ನಡೆಯುತ್ತ, ಉಳಿದೆರಡು ಕಚೇರಿಯಲ್ಲಿ ಹಿಂದೆ ಬೀಳುತ್ತ, ಒಂದೇ ಸರ್ವೆ ನಂಬರಿನ ಪಹಣಿಯಲ್ಲಿ ಹಲವು ಹೆಸರುಗಳು ಸೇರಿಕೊಂಡವು. ಅವರವರ ತುಂಡಿನ ನಕ್ಷೆ ಎಲ್ಲಿಯೂ ಇಲ್ಲದಂತಾಯಿತು. 1964ರ ಭೂಕಂದಾಯ ಕಾಯ್ದೆಯ 133ನೆಯ ಕಲಂ ಪಹಣಿಯ ನಮೂದನ್ನು, ಅದು ತಪ್ಪೆಂದು ರುಜುವಾಗುವ ತನಕ, ನಿಜವೆಂದು ಭಾವಿಸಬೇಕು ಎನ್ನುತ್ತದೆ. ಹೆಸರಿಗೆ ಆ ಬಲ ಸಿಕ್ಕಿತು. ಹೆಸರಿನ ಹಿಂದಿನ ತುಂಡು ನೆಲ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಹೇಳಿಕೊಳ್ಳುವಂಥ ಆಧಾರವೇ ಇರಲಿಲ್ಲ.

ಇಂಥ ಸ್ಥಿತಿಯ ಮೇಲೆ ಭೂಮಿ ಯೋಜನೆ ಬಂತು. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದಲ್ಲಿ, ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರು ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾದ ಪ್ರತಿ ಸಿಗತೊಡಗಿತು. ಲಂಚವಿಲ್ಲದೆ ಒಂದು ಕಾಗದ ಕೈಗೆ ಬರುವುದು ಸಣ್ಣ ಸಂಗತಿಯಲ್ಲ; ಆ ಕೆಲಸದ ಹಿರಿಮೆಯನ್ನು ಕಡಿಮೆ ಮಾಡಲು ನನಗೆ ಮನಸ್ಸಿಲ್ಲ. ಆದರೆ ಅದು ಅಷ್ಟು ಬೇಗ ಆದದ್ದು ಏಕೆ ಎಂದು ನೋಡಬೇಕು. ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ಸಂಬಂಧಾತ್ಮಕ ಮಾದರಿ ಎಂದರೆ ಸಾಲು ಮತ್ತು ಕಾಲಂಗಳ ಕೋಷ್ಟಕ, ಕೋಷ್ಟಕಗಳನ್ನು ಬೆಸೆಯುವ ಒಂದು ಗುರುತು ಸಂಖ್ಯೆ. ಪಹಣಿ ಅದಾಗಲೇ ಅಂಥದ್ದು. ಒಂಬತ್ತನೆಯ ಕಾಲಂನಲ್ಲಿ ಮಾಲೀಕನ ಹೆಸರು, ಹನ್ನೊಂದರಲ್ಲಿ ಋಣ ಮತ್ತು ಇತರ ಹಕ್ಕು, ಹನ್ನೆರಡರಲ್ಲಿ ಬೆಳೆ. ಬೆಸೆಯುವ ಸಂಖ್ಯೆ ಸರ್ವೆ ನಂಬರು. 1863ರ ವ್ಯವಸ್ಥೆ ಕಂಪ್ಯೂಟರಿಗಾಗಿಯೇ ಕಾದಿದ್ದಂತೆ ಅದರೊಳಗೆ ಹೊಕ್ಕಿತು. ಟಿಪ್ಪಣಿಗೆ ಅಲ್ಲಿ ಜಾಗವಿರಲಿಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನದಲ್ಲಿ, ಊರ ಮಟ್ಟದಲ್ಲಿ ಮಾತುಕತೆಯಿಂದ ಬಗೆಹರಿಯುತ್ತಿದ್ದ ಹಕ್ಕುಗಳನ್ನು ಭೂಮಿ ಯೋಜನೆ ಮೇಲಕ್ಕೆ ಎಳೆದು, ನೆಲದ ವ್ಯವಹಾರದಲ್ಲಿ ಬಲವಿದ್ದವರಿಗೇ ಅನುಕೂಲ ಮಾಡಿತು ಎಂದು ಟೀಕಿಸಿದರು. ಅವರ ನೋಟ ಬೆಂಗಳೂರಿನ ಸುತ್ತ ನೆಟ್ಟದ್ದು. ಗುಂಡ್ಲುಪೇಟೆಯ ಅರಿಸಿನದ ಹೊಲಕ್ಕೆ ಅದು ಪೂರ್ತಿ ಒಪ್ಪದೆ ಇರಬಹುದು. ಆದರೂ ಅವರ ಮಾತಿನ ತಿರುಳನ್ನು ತಳ್ಳಿಹಾಕಲಾಗದು: ಯಾವ ಹಕ್ಕಿಗೆ ಕಾಲಂ ಇದೆಯೋ ಅದು ಬಲಿಯುತ್ತದೆ, ಕಾಲಂ ಇಲ್ಲದ್ದು ಸೊರಗುತ್ತದೆ.

ಭೂಮಿ ಯೋಜನೆ ಬಲಿಯುತ್ತಿದ್ದ ವರ್ಷಗಳಲ್ಲೇ ಹೊರಗೆ ಇನ್ನೊಂದು ಬೆಳವಣಿಗೆ ನಡೆದಿತ್ತು. 1998ರ ಫೆಬ್ರವರಿಯಲ್ಲಿ ಎಕ್ಸ್‌ಎಂಎಲ್ ಎಂಬ ಬರವಣಿಗೆಯ ಕ್ರಮ ಮಾನ್ಯವಾಯಿತು. ಅದರಲ್ಲಿ ಪ್ರತಿ ಸಂಗತಿಗೂ ಹೆಸರಿನ ಚೀಟಿ ಕಟ್ಟಿ, ಒಂದರೊಳಗೊಂದು ಇಡಬಹುದು. ಒಂದು ದಾಖಲೆಯಲ್ಲಿ ಇರುವ ವಿವರ ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ. 2000ದಲ್ಲಿ ಭೂಗೋಳದ ದತ್ತಾಂಶಕ್ಕೆಂದು ಅದರ ರೂಪವಾದ ಜಿಎಂಎಲ್ ಬಂತು, 2007ರಲ್ಲಿ ಅದು ಐಎಸ್‌ಒ 19136 ಎಂಬ ಅಂತಾರಾಷ್ಟ್ರೀಯ ಮಾನಕವಾಯಿತು. ಬ್ರಿಟನ್ನಿನ ಆರ್ಡ್ನೆನ್ಸ್ ಸರ್ವೆ 2001ರಿಂದಲೇ ತನ್ನ ಮಾಸ್ಟರ್‌ಮ್ಯಾಪನ್ನು ಜಿಎಂಎಲ್‌ನಲ್ಲಿ ಕೊಡತೊಡಗಿತು. ಜರ್ಮನಿಯ ಭೂದಾಖಲೆಗಳ ವಿನಿಮಯವೂ ಅದೇ ನೆಲೆಯ ಮೇಲೆ ನಿಂತಿದೆ. ಜಿಎಂಎಲ್‌ನಲ್ಲಿ ಒಂದು ಹೊಲವೆಂದರೆ ಅದರ ಗುರುತು, ಮಾಲೀಕತ್ವ, ಅಳೆದ ದಿನ, ಅಳತೆಯ ವಿಧಾನ, ಅವುಗಳ ನಡುವೆ ಸುತ್ತಿಬಂದು ಮೊದಲ ಬಿಂದುವಿಗೇ ಮುಗಿಯುವ ನಿರ್ದೇಶಾಂಕಗಳ ಸಾಲು. ಎಲ್ಲೆಯನ್ನು ಸುತ್ತಿ ಹೇಳುವ ದಾನಶಾಸನದ ಕಟ್ಟಡವೇ ಇದು. ಅದರ ಗುಣವೂ ಅದೇ, ದೋಷವೂ ಅದೇ. ಒಂದು ಹೊಲದ ದಾಖಲೆ ತನ್ನಷ್ಟಕ್ಕೆ ಪೂರ್ಣ. ಒಂದು ಲಕ್ಷ ಹೊಲಗಳ ನಡುವೆ ಹುಡುಕಬೇಕೆಂದರೆ ಎಲ್ಲವನ್ನೂ ಓದಬೇಕು.

ಇಂಥ ದಾಖಲೆಯನ್ನು ಸಂಬಂಧಾತ್ಮಕ ಡೇಟಾಬೇಸಿನಲ್ಲಿ ಇಡಲು ಮೂರು ದಾರಿಗಳನ್ನು ಜಗತ್ತು ಪ್ರಯತ್ನಿಸಿ ನೋಡಿದೆ. ಇಡೀ ಬರಹವನ್ನು ಒಂದು ಕಾಲಂನಲ್ಲಿ ಹಾಗೆಯೇ ಇಟ್ಟುಬಿಡುವುದು ಒಂದು. ಪ್ರತಿ ಹೆಸರಿನ ಚೀಟಿಗೂ ಒಂದು ಕಾಲಂ, ಪ್ರತಿ ಒಳಪದರಕ್ಕೂ ಒಂದು ಕೋಷ್ಟಕ ಮಾಡಿ ಪೂರ್ತಿ ಬಿಡಿಸಿಹಾಕುವುದು ಇನ್ನೊಂದು. ಬರಹವನ್ನೂ ಉಳಿಸಿಕೊಂಡು, ಅದರಿಂದ ಆಕಾರವನ್ನು ಮಾತ್ರ ಹೊರತೆಗೆದು, ಜಾಗದ ಮೇಲೆ ಹುಡುಕಬಲ್ಲ ಸೂಚಿಯೊಡನೆ ಪಕ್ಕದ ಕಾಲಂನಲ್ಲಿ ಇಡುವುದು ಮೂರನೆಯದು. ಆ ಸೂಚಿಯ ತಿರುಳು ಆಂಟೊನಿನ್ ಗಟ್‌ಮನ್ 1984ರಲ್ಲಿ ಪ್ರಕಟಿಸಿದ ಆರ್-ಟ್ರೀ: ಪ್ರತಿ ಆಕಾರದ ಸುತ್ತ ಒಂದು ಆಯತ, ಹತ್ತಿರದ ಆಯತಗಳ ಸುತ್ತ ದೊಡ್ಡ ಆಯತ, ಹೀಗೆ ಮೇಲೆ ಮೇಲೆ. ಹೊರ ಆಯತ ತಾಕದಿದ್ದರೆ ಒಳಗಿನ ಯಾವುದನ್ನೂ ಓದಬೇಕಿಲ್ಲ. 2001ರಲ್ಲಿ ಬಂದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಪೋಸ್ಟ್‌ಜಿಐಎಸ್ ಜಿಎಂಎಲ್ ಬರಹವನ್ನು ಆಕಾರವಾಗಿ, ಆಕಾರವನ್ನು ಮತ್ತೆ ಜಿಎಂಎಲ್ ಆಗಿ ಮಾಡಬಲ್ಲದು.

ಈ ಸೀಮೆಯ ಒಂದು ನಿಜವಾದ ಪ್ರಶ್ನೆಯನ್ನು ಈ ಮೂರು ದಾರಿಗಳಲ್ಲಿ ಹಾಯಿಸಿ ನೋಡಬಹುದು. ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯವನ್ನು ಕೇಂದ್ರ ಸರ್ಕಾರ 2012ರ ಅಕ್ಟೋಬರಿನಲ್ಲಿ ಅಧಿಸೂಚಿಸಿತು. ಗುಂಡ್ಲುಪೇಟೆಯ ರೈತನಿಗೆ ಬೇಕಾದ ಉತ್ತರ ಒಂದೇ: ನನ್ನ ಹಿಸ್ಸೆ ವಲಯದ ಒಳಗೋ ಹೊರಗೋ, ಒಳಗಾದರೆ ಎಷ್ಟು ಗುಂಟೆ? ಬರಹವನ್ನು ಗಂಟುಕಟ್ಟಿ ಇಟ್ಟ ಡೇಟಾಬೇಸು ಇದಕ್ಕೆ ಪ್ರತಿ ಬಾರಿಯೂ ಇಡೀ ತಾಲ್ಲೂಕನ್ನು ಓದಬೇಕು. ಪೂರ್ತಿ ಬಿಡಿಸಿಹಾಕಿದ ಡೇಟಾಬೇಸಿನಲ್ಲಿ ಒಂದು ಹೊಲ ಹತ್ತಾರು ಕೋಷ್ಟಕಗಳಲ್ಲಿ ಚದುರಿ, ಪ್ರತಿ ಮೂಲೆಯೂ ಒಂದು ಸಾಲಾಗಿ, ಹೊಲವನ್ನು ಮತ್ತೆ ಜೋಡಿಸುವುದೇ ದೊಡ್ಡ ಕೆಲಸವಾಗುತ್ತದೆ. ಜೊತೆಗೆ ಕೊಳ್ಳೇಗಾಲದ ಹಾಳೆಯಲ್ಲಿರುವ, ಗುಂಡ್ಲುಪೇಟೆಯದರಲ್ಲಿ ಇಲ್ಲದ ವಿವರ ಬಂದಾಗಲೆಲ್ಲ ಕೋಷ್ಟಕದ ರಚನೆಯನ್ನೇ ಬದಲಿಸಬೇಕು. ಮೂರನೆಯ ದಾರಿಯಲ್ಲಿ ವಲಯದ ಆಕಾರವನ್ನೂ ಹೊಲದ ಆಕಾರವನ್ನೂ ಒಂದರ ಮೇಲೊಂದಿಟ್ಟು, ತಾಕಿದ ಸರ್ವೆ ನಂಬರುಗಳನ್ನು ಪಹಣಿಯ ಒಂಬತ್ತನೆಯ ಕಾಲಂಗೆ ಬೆಸೆದರೆ ಹೆಸರು ಬರುತ್ತದೆ. ಎಕ್ಸ್‌ಎಂಎಲ್‌ಗೆಂದೇ ಬೇರೆ ಡೇಟಾಬೇಸುಗಳಿವೆ, ಸಂಬಂಧಾತ್ಮಕವೇ ಏಕೆ ಎಂದು ಕೇಳುವವರಿಗೆ ಉತ್ತರವೂ ಇಲ್ಲೇ ಇದೆ. ಪಹಣಿ ಇರುವುದು ಕೋಷ್ಟಕದಲ್ಲಿ. ಆಕಾರವನ್ನು ಇನ್ನೊಂದು ಮನೆಯಲ್ಲಿ ಇಟ್ಟರೆ ಹಳೆಯ ಪಾಲನ್ನೇ ಹೊಸ ಯಂತ್ರದಲ್ಲಿ ಮಾಡಿದಂತಾಗುತ್ತದೆ.

ಆಕಾರವನ್ನು ಹೊರತೆಗೆದ ಮೇಲೆ ಮೂಲ ಬರಹ ಏಕೆ ಬೇಕು, ಜಾಗ ಹಾಳು ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಒಂದೇ ಸತ್ಯವನ್ನು ಎರಡು ಕಡೆ ಇಟ್ಟರೆ ಒಂದು ದಿನ ಎರಡೂ ಬೇರೆಯಾಗುತ್ತವೆ ಎಂಬುದು ಡೇಟಾಬೇಸಿನವರ ಮೊದಲ ಪಾಠ. ಆದರೆ ಇಲ್ಲಿ ಎರಡು ಕಡೆ ಇರುವುದು ಒಂದೇ ಸತ್ಯವಲ್ಲ. ಟಿಪ್ಪಣಿ ಹೇಳುವುದು ಸರಪಳಿಯಲ್ಲಿ ಇಷ್ಟು ಅಳೆದೆವು ಎಂದು. ನಿರ್ದೇಶಾಂಕ ಹೇಳುವುದು ಆ ಅಳತೆಯನ್ನು ಭೂಮಿಯ ಮೇಲೆ ಹೀಗೆ ಕೂರಿಸಿದೆವು ಎಂದು. ಮೊದಲನೆಯದು ಸಾಕ್ಷ್ಯ, ಎರಡನೆಯದು ನಾವು ತೆಗೆದ ತೀರ್ಮಾನ. ತೀರ್ಮಾನ ತಪ್ಪುವ ದಾರಿಗಳು ಹಲವು. ನಮ್ಮ ಹಳೆಯ ನಕ್ಷೆಗಳು 1830ರ ಎವರೆಸ್ಟ್ ಗೋಳಾಭವನ್ನು ಆಧರಿಸಿದವು, ಜಿಪಿಎಸ್ ಡಬ್ಲ್ಯುಜಿಎಸ್ 84 ಅನ್ನು. ಎರಡನ್ನೂ ಹೊಂದಿಸದೆ ಬೆರೆಸಿದರೆ ಬದು ಪಕ್ಕದವನ ಹೊಲ ದಾಟುವಷ್ಟು ಸರಿಯುತ್ತದೆ. ಊರೂರಿನ ಗ್ರಾಮನಕ್ಷೆಗಳನ್ನು ಅಂಚಿಗೆ ಅಂಚು ಜೋಡಿಸಿದರೆ ಕೆಲವು ಕಡೆ ಸಂದು, ಕೆಲವು ಕಡೆ ಒಂದರ ಮೇಲೊಂದು. ಇನ್ನೊಂದು ಪ್ರಸಿದ್ಧ ತೊಡಕು ಅಕ್ಷಾಂಶ ಮೊದಲೋ ರೇಖಾಂಶ ಮೊದಲೋ ಎಂಬುದು. ಜಿಎಂಎಲ್‌ನ ನಿಯಮ ಒಂದು, ಹಲವು ತಂತ್ರಾಂಶಗಳ ರೂಢಿ ಇನ್ನೊಂದು. ಚಾಮರಾಜನಗರ ಇರುವುದು ಸುಮಾರು 11.92 ಉತ್ತರ, 76.94 ಪೂರ್ವದಲ್ಲಿ. ಎರಡು ಅಂಕಿ ಅದಲುಬದಲಾದರೆ ಊರು ಹೋಗಿ ಉತ್ತರ ಧ್ರುವದ ಕಡೆ ಸ್ವಾಲ್‌ಬಾರ್ಡ್ ದ್ವೀಪಗಳ ಪಡುವಣ ಕಡಲಿಗೆ ಬೀಳುತ್ತದೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಹತ್ತು ಅಡಿಯ ತಪ್ಪು ಕಣ್ಣಿಗೆ ಬೀಳುವುದು ಬೇಲಿ ಹಾಕುವ ದಿನ. ಆ ದಿನ ಸರ್ವೇಯರ್ ಮರಳಿ ಹೋಗಬೇಕಾದದ್ದು ಟಿಪ್ಪಣಿಗೆ, ಬಾಂದುಕಲ್ಲಿಗೆ. ಮೂಲವನ್ನು ಕರಗಿಸಿ ನಿರ್ದೇಶಾಂಕವನ್ನಷ್ಟೇ ಉಳಿಸಿಕೊಂಡ ಸರ್ಕಾರಕ್ಕೆ ಮರಳಿ ಹೋಗಲು ಜಾಗವೇ ಇರುವುದಿಲ್ಲ.

ಕರ್ನಾಟಕ ದೂರಸಂವೇದಿ ಕೇಂದ್ರ ರೂಪಿಸಿದ ದಿಶಾಂಕ್ ಆಪ್ ಈಗ ಹೊಲದಲ್ಲಿ ನಿಂತವನ ಮೊಬೈಲಿನಲ್ಲೇ ಸರ್ವೆ ನಂಬರು ತೋರಿಸುತ್ತದೆ. ಜಮೀನಿನ ಭಾಗವನ್ನು ಮಾರಬೇಕಾದರೆ ಭೂಮಾಪನ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ 11ಇ ನಕ್ಷೆ ಪಡೆಯಬೇಕು. ಆಕಾರ ಮತ್ತು ಹೆಸರು ಮತ್ತೆ ಹತ್ತಿರ ಬರುತ್ತಿವೆ ಎಂಬುದಕ್ಕೆ ಇವು ಗುರುತು. 2021ರಿಂದ ಕೇಂದ್ರ ಸರ್ಕಾರ ಪ್ರತಿ ತುಂಡು ನೆಲಕ್ಕೂ ಕೊಡಲು ಹೊರಟಿರುವ 14 ಅಕ್ಷರಾಂಕಗಳ ಭೂ ಆಧಾರ್ ಸಂಖ್ಯೆಯಲ್ಲಿ ಇನ್ನೂ ದೊಡ್ಡ ತಿರುವು ಇದೆ. ಸರ್ವೆ ನಂಬರು ಎಣಿಕೆಯ ಕ್ರಮದಿಂದ ಬಂದದ್ದು; ಹೊಸ ಸಂಖ್ಯೆ ಹೊಲದ ನಿರ್ದೇಶಾಂಕದಿಂದಲೇ ಹುಟ್ಟುತ್ತದೆ. ಒಂದೂವರೆ ಶತಮಾನ ಸಂಖ್ಯೆಯ ಹಿಂದೆ ನಡೆದ ಆಕಾರ ಈಗ ಸಂಖ್ಯೆಯನ್ನು ತಾನೇ ಹುಟ್ಟಿಸುತ್ತಿದೆ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ, ಒಂದು ಷರತ್ತಿನ ಮೇಲೆ. ಆಕಾರವೇ ತೀರ್ಮಾನವಾದರೆ ಅದರಿಂದ ಹುಟ್ಟಿದ ಸಂಖ್ಯೆಯೂ ತೀರ್ಮಾನವೇ. ಪೋಡಿಯಾದಾಗ, ಅಳತೆ ತಿದ್ದಿದಾಗ ಹಳೆಯ ಆಕಾರ ಯಾವುದು, ಯಾವ ಟಿಪ್ಪಣಿಯಿಂದ ಬಂತು, ಯಾವ ಆದೇಶದಿಂದ ಬದಲಾಯಿತು ಎಂಬುದು ಅದೇ ಡೇಟಾಬೇಸಿನಲ್ಲಿ ದಿನಾಂಕಸಹಿತ ಉಳಿಯಬೇಕು. ಮ್ಯುಟೇಷನ್ ರಿಜಿಸ್ಟರ್ ಹೆಸರಿಗೆ ಮಾಡಿದ ಈ ಕೆಲಸ ಆಕಾರಕ್ಕೂ ಆಗಬೇಕು.

ತುಂಡಿಗೊಂದು ಸಂಖ್ಯೆ ಎಂಬ ಕ್ರಮಕ್ಕೆ ಒಗ್ಗದ ನೆಲವೂ ಈ ಜಿಲ್ಲೆಯಲ್ಲಿದೆ, ಮತ್ತು ಜಿಲ್ಲೆಯ ಅರ್ಧದಷ್ಟು ಕಾಡೇ ಆಗಿರುವಾಗ ಅದನ್ನು ಅಪವಾದವೆಂದು ಬದಿಗಿಡುವುದು ನ್ಯಾಯವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಾಡು ಕುಲಕುಲದ ಎಲ್ಲೆಗಳಾಗಿ ಹಂಚಿದೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ (ಸಮಾಧಿಯ ಕಲ್ಲುಗಳ ಜಾಗ), ಅಬ್ಬಿ (ನೀರಿನ ಸೆಲೆ) ಎಂಬ ತಾಣಗಳು. ತಾಣ ಎಲ್ಲೆಗೆ ಸೇರಿದ್ದು, ಎಲ್ಲೆ ಕುಲಕ್ಕೆ ಸೇರಿದ್ದು. ಸೋಲಿಗ ಹಿರಿಯರು ಮತ್ತು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಜಿಪಿಎಸ್ ಹಿಡಿದು ನಡೆದು ಇಂಥ ನೂರಾರು ತಾಣಗಳನ್ನು ನಕ್ಷೆಗೆ ತಂದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ಸಿಕ್ಕಿತು. ಅದೇ ವರ್ಷ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಆ ಕಾಯ್ದೆಯ ನಿಯಮಗಳಲ್ಲಿರುವ ಹಕ್ಕುಪತ್ರದ ನಮೂನೆ ರೂಢಿಯ ಎಲ್ಲೆಯನ್ನು ಹೆಗ್ಗುರುತುಗಳಿಂದ ಬರೆಯಲು ಜಾಗ ಕೊಡುತ್ತದೆ. ಪಹಣಿಯ ಯಾವ ಕಾಲಂನಲ್ಲೂ ಇದನ್ನು ಬರೆಯಲಾಗದು. ಎಲ್ಲೆಗೆ ಒಬ್ಬ ಮಾಲೀಕನಿಲ್ಲ, ಅದು ಅರಣ್ಯ ಇಲಾಖೆಯ ಕಂಪಾರ್ಟ್‌ಮೆಂಟುಗಳ ಮೇಲೆ ಅಡ್ಡವಾಗಿ ಹಾಯುತ್ತದೆ, ಅದರ ಅಂಚು ಎಲ್ಲ ಕಡೆಯೂ ಗೆರೆಯಷ್ಟು ತೆಳುವಲ್ಲ. ಇಂಥ ಅರಿವನ್ನು ಡೇಟಾಬೇಸಿಗೆ ತಂದರೆ ಅದು ಸರ್ಕಾರದ ಗೆರೆಯಾಗಿ ಗಟ್ಟಿಯಾಗಿ, ಸೋಲಿಗರ ಕೈತಪ್ಪುತ್ತದೆ ಎಂದು ಅಂಜುವವರಿದ್ದಾರೆ. ಕುಲ, ಎಲ್ಲೆ, ತಾಣ ಎಂಬ ಒಳಪದರಗಳನ್ನು ಅವರು ಹೇಳಿದ ಹೆಸರಿನಲ್ಲೇ, ಹೇಳಿದ ಮಾತಿನೊಂದಿಗೇ ಒಂದು ದಾಖಲೆಯಾಗಿ ಇಟ್ಟು, ಅದನ್ನು ತಿದ್ದುವ ಅಧಿಕಾರ ಗ್ರಾಮಸಭೆಯಲ್ಲೇ ಇದ್ದರೆ ಆ ಅಂಜಿಕೆಗೆ ಬಹುಪಾಲು ಉತ್ತರ ಸಿಗುತ್ತದೆ; ತೀರಾ ಗೋಪ್ಯವಾದ ತಾಣವನ್ನು ಬಿಂದುವಾಗಿ ತೆಗೆಯದೆ ಮಾತಾಗಿಯೇ ಉಳಿಸಬಹುದು. ಆಗ ಪೋಡಿನ, ಅಂದರೆ ಸೋಲಿಗರ ಹಾಡಿಯ, ಗ್ರಾಮಸಭೆ ತನಗೆ ಬೇಕಾದದ್ದನ್ನು ಕೇಳಬಹುದು: ಹುಲಿ ಯೋಜನೆಯ ಒಳವಲಯದಲ್ಲಿ ನಮ್ಮ ಎಷ್ಟು ಅಬ್ಬಿಗಳಿವೆ, ಲಂಟಾನ ಹಬ್ಬಿದ ಯಾವ ಕಂಪಾರ್ಟ್‌ಮೆಂಟುಗಳು ಯಾವ ಕುಲದ ಎಲ್ಲೆಗೆ ತಾಕುತ್ತವೆ, ಪ್ರವಾಸಿಗಳ ಸಫಾರಿ ದಾರಿ ಯಾವ ಕಲ್ಲುಗುಡಿಯ ಪಕ್ಕ ಹಾಯುತ್ತದೆ. ಅರಣ್ಯ ಇಲಾಖೆಯ ನಕ್ಷೆ, ಹುಲಿ ಯೋಜನೆಯ ಗಡಿ, ಸೋಲಿಗರ ಎಲ್ಲೆ ಮೂರೂ ಒಂದೇ ಕಡೆ ಆಕಾರವಾಗಿ ಇದ್ದರೆ ಈ ಪ್ರಶ್ನೆಗಳಿಗೆ ಅಂದೇ ಉತ್ತರ ಸಿಗುತ್ತದೆ, ಮತ್ತು ಆ ಉತ್ತರವನ್ನು ಹಿಡಿದು ಗ್ರಾಮಸಭೆ ಅಧಿಕಾರಿಗಳ ಮುಂದೆ ಕೂರಬಹುದು.